ಶುಕ್ರವಾರದ ಸಿನಿಮಾ

ಸಮುದಾಯ ಭವನದ ಉಸ್ತುವಾರಿ ನೋಡಿಕೊಳ್ಳುತ್ತಿದ್ದ ಹೆಂಗಸನ್ನು ಊರಿನವರೆಲ್ಲ ಬೀಗದಕ್ಕ ಎಂದೇ ಕರೆಯುತ್ತಿದ್ದರು. ಮುಂಬಾಗಿಲು, ಮೇಕಪ್ ಕೋಣೆ, ಕುರ್ಚಿ ಪೇರಿಸಿಡುವ ಉಗ್ರಾಣ, ಪ್ರೊಜೆಕ್ಟರ್ ಇಟ್ಟ ಗೂಡು ಎಲ್ಲದರ ಕೀಲಿಯೂ ಅವಳ ಸೊಂಟದಲ್ಲಿ ಗಿಲಗಿಲ ಎನ್ನುತ್ತಿತ್ತು. ಅವಳು ಬರುತ್ತಿರುವುದು ಕಣ್ಣಿಗಿಂತ ಮೊದಲು ಕಿವಿಗೆ ತಿಳಿಯುತ್ತದೆ ಎಂದು ನಾಟಕದ ಹುಡುಗರು ತಮಾಷೆ ಮಾಡುತ್ತಿದ್ದರು. ಮದುವೆಯಾಗಿ ಈ ಊರಿಗೆ ಬಂದವಳು ಅವಳು. ಅದೂ ಎರಡನೇ ಸಂಬಂಧಕ್ಕೆ. ಅವಳು ಹೊಸ್ತಿಲು ದಾಟಿ ಒಳಗೆ ಬಂದಾಗ ಗಂಡನ ತೀರಿಹೋದ ಮೊದಲ ಹೆಂಡತಿಯ ಮಗು ಗೋಡೆ ಹಿಡಿದು ನಿಂತು ಅವಳನ್ನೇ ಪಿಳಿಪಿಳಿ ನೋಡುತ್ತಿತ್ತು. ಆ ಮಗುವೇ ಈಗ ಔಷಧಿ ಅಂಗಡಿಯಲ್ಲಿ ಕೆಲಸ ಮಾಡುತ್ತ, ಸಂಜೆ ಹೊತ್ತು ಭವನದಲ್ಲಿ ನಾಟಕದ ತಾಲೀಮಿಗೆ ಬರುವ, ಬೆಳೆದು ನಿಂತ ಮಗಳು. ಇವಳ ಹೊಟ್ಟೆಯಲ್ಲಿ ಮಕ್ಕಳಾಗಲಿಲ್ಲ. ಆ ಮಗಳೇ ಮಗಳು, ಅವಳಿಗೆ ಇವಳೇ ಚಿಕ್ಕಮ್ಮ.

ಗಂಡನದು ಮಾರುಕಟ್ಟೆಯ ಹಿಂದಿನ ಬೀದಿಯಲ್ಲಿ ಸಣ್ಣದೊಂದು ಪ್ರೆಸ್ಸು. ಭವನದ ತಿಂಗಳ ಕಾರ್ಯಕ್ರಮದ ಪೋಸ್ಟರ್ ಅಚ್ಚಾಗುತ್ತಿದ್ದುದು ಅಲ್ಲಿಯೇ. ಆ ತಿಂಗಳ ಪೋಸ್ಟರ್ ಕಟ್ಟು ಬಂದಾಗ ಬೀಗದಕ್ಕ ಒಂದನ್ನು ಬಿಚ್ಚಿ ಹಿಡಿದು ನೋಡಿದಳು. ಕೊಳಲು ಕಚೇರಿ ಇದೆ, ಮಕ್ಕಳ ಬೊಂಬೆಯಾಟ ಇದೆ, ಶನಿವಾರದ ನಾಟಕವೂ ಇದೆ. ಅದರ ಹಿಂದಿನ ದಿನ, ಶುಕ್ರವಾರದ ಸಿನಿಮಾ ಮಾತ್ರ ಇಲ್ಲ.

"ಏನ್ರೀ ಇದು, ಸಿನಿಮಾನೇ ಬಿಟ್ಟುಬಿಟ್ಟಿದೀರಲ್ಲ?" ಎಂದು ಮನೆಗೆ ಬಂದ ಗಂಡನನ್ನು ಕೇಳಿದಳು.

"ಜಾಗ ಸಾಲ್ಲಿಲ್ಲ."

"ಕೆಳಗೆ ಅಂಗೈಯಗಲ ಖಾಲಿ ಇದೆ!"

ಅವನು ಕೈ ತೊಳೆಯಲು ಹಿತ್ತಲಿಗೆ ಹೋದ. ಉಗುರಿನ ಸಂದಿಯ ಮಸಿ ಹೋದ ಮೇಲೂ ನೀರು ಸುರಿಯುವ ಸದ್ದು ನಿಲ್ಲಲಿಲ್ಲ. ಅಚ್ಚಿನ ಕೆಲಸದಲ್ಲಿ ಒಂದು ಕೊಂಬು ತಪ್ಪಿದರೂ ಇಡೀ ಹಾಳೆ ಹರಿದೆಸೆಯುವ ಮನುಷ್ಯ ಅವನು. ಮರೆತು ಬಿಟ್ಟಿದ್ದಲ್ಲ ಎಂದು ಅವಳಿಗೆ ಗೊತ್ತಾಯಿತು. ಯಾಕೆ ಎಂದು ಮಾತ್ರ ಹೊಳೆಯಲಿಲ್ಲ.

ಸಿನಿಮಾ ಆರಿಸಿದವರು ಸಿನಿಮಾ ಮೇಷ್ಟ್ರು. ನಿವೃತ್ತಿಯಾದ ಮೇಲೆ ಈ ಊರಿಗೆ ಬಂದು ನೆಲೆಸಿದ ಇವರಿಗೆ ಹಳೆಯ ಕಪ್ಪುಬಿಳುಪು ಚಿತ್ರಗಳೆಂದರೆ ಪ್ರಾಣ. 'ಸೇತುವೆಯ ಆಚೆ' ಎಂಬ ಈ ಚಿತ್ರವನ್ನು ಎಷ್ಟೋ ವರ್ಷದ ಹಿಂದೆ ಇದೇ ಊರಿನ ಬೀದಿಗಳಲ್ಲಿ ತೆಗೆದಿದ್ದರಂತೆ. ಓಡದೆ ಮೂಲೆ ಸೇರಿದ್ದ ಅದರ ಪ್ರತಿಯನ್ನು ಮೇಷ್ಟ್ರು ಯಾರು ಯಾರದೋ ಕೈಕಾಲು ಹಿಡಿದು ತರಿಸಿದ್ದರು. ಪೋಸ್ಟರ್ ನೋಡಿ ಅವರ ಮುಖ ಸಣ್ಣಗಾಯಿತು. ಆದರೂ ಜಗಳವಾಡುವ ಜಾಯಮಾನ ಅವರದಲ್ಲ. "ಹೋಗ್ಲಿ ಬಿಡಿ ಅಕ್ಕಾ. ತೊಂದ್ರೆ ಇದ್ರೆ ಬೇರೆ ಯಾವುದಾದ್ರೂ ನಗೆ ಚಿತ್ರ ಹಾಕೋಣ. ಆದ್ರೆ ಬಂದಿರೋದು ಸರಿಯಾಗಿದೆಯಾ ಅಂತ ಒಮ್ಮೆ ಓಡಿಸಿ ನೋಡಿ" ಎಂದು ಪೆನ್‌ಡ್ರೈವ್ ಕೊಟ್ಟು ಹೋದರು.

ಮರುದಿನ ಬೆಳಿಗ್ಗೆ, ನೆಲ ಒರೆಸುವವಳು ಹೋದ ಮೇಲೆ, ಬೀಗದಕ್ಕ ಕಿಟಕಿಗಳ ಪರದೆ ಎಳೆದು ಖಾಲಿ ಸಭಾಂಗಣದಲ್ಲಿ ಚಿತ್ರ ಹಚ್ಚಿದಳು. ದನಿ ಸರಿಯಿದೆಯೇ, ಪರದೆಯ ಅಂಚಿಗೆ ಚಿತ್ರ ಕೂರುತ್ತದೆಯೇ ಎಂದು ನೋಡುವುದಷ್ಟೇ ಅವಳ ಕೆಲಸ. ಕಥೆಯ ಕಡೆ ಅರ್ಧ ಗಮನ. ಊರಿಗೆ ಹೊಸದಾಗಿ ಬಂದ ನಾಯಕ ಕೈಯಲ್ಲಿ ಪೆಟ್ಟಿಗೆ ಹಿಡಿದು ಮಾರುಕಟ್ಟೆಯಲ್ಲಿ ದಾರಿ ಕೇಳುತ್ತಿದ್ದ. ಕೊಡೆ ಹಿಡಿದು, ಸೊಂಟದ ಮೇಲೆ ಮಗು ಕೂರಿಸಿಕೊಂಡಿದ್ದ ಹೆಂಗಸೊಬ್ಬಳು ಅವನ ಕಡೆ ತಿರುಗಿದಳು.

ಬೀಗದಕ್ಕ ಪರದೆಯ ಕಡೆ ಎರಡು ಹೆಜ್ಜೆ ಇಟ್ಟಳು.

ತನ್ನ ಮನೆಯ ಗೋಡೆಯ ಮೇಲೆ ಇಷ್ಟು ವರ್ಷ ಅಲುಗಾಡದೆ ನಿಂತಿದ್ದ ಮುಖ ಅದು. ಅದೇ ಅಗಲ ಹಣೆ, ಅದೇ ಒಂಚೂರು ಓರೆ ಹಲ್ಲು. ಫೋಟೋದ ಧೂಳು ಒರೆಸುವಾಗೆಲ್ಲ ನೋಡಿದ್ದ ಆ ಹಲ್ಲು ಈಗ ನಗುತ್ತಿತ್ತು.

"ಸೇತುವೆನಾ? ಅದು ಬಿದ್ದು ಯಾವ ಕಾಲ ಆಯ್ತು! ಊರಿಗೆ ಹೊಸಬ್ರು ಅಂತ ಕಾಣುತ್ತೆ. ಬನ್ನಿ ಬನ್ನಿ, ನಾನೂ ಆ ಕಡೆನೇ ಹೊರಟಿದೀನಿ" ಎಂದ ಆ ಹೆಂಗಸು, ಮಗು ಕೊಡೆಯ ಕಡ್ಡಿ ಎಳೆದದ್ದಕ್ಕೆ "ಏ ತುಂಟಿ, ಬಿಡು!" ಎಂದು ಗದರಿ, ತಾನೇ ಕಿಲಕಿಲ ನಕ್ಕು ಮುಂದೆ ನಡೆದಳು. ಗದರಿದ್ದು ಬರೆದುಕೊಟ್ಟ ಮಾತಲ್ಲ, ಬಾಯಿತಪ್ಪಿ ಬಂದದ್ದು ಎಂದು ಯಾರಿಗಾದರೂ ತಿಳಿಯುವಂತಿತ್ತು. ಅಷ್ಟೇ. ಆಮೇಲೆ ಅವಳು ಚಿತ್ರದಲ್ಲಿ ಎಲ್ಲಿಯೂ ಇರಲಿಲ್ಲ.

ಬೀಗದಕ್ಕ ಚಿತ್ರ ನಿಲ್ಲಿಸಿ ಹತ್ತಿರದ ಕುರ್ಚಿಯಲ್ಲಿ ಕುಳಿತಳು. ಫೋಟೋದೊಳಗಿನ ಸವತಿಯ ಜೊತೆ ಯಾರು ಬೇಕಾದರೂ ಬಾಳಬಹುದು. ಅವಳು ಎದುರಾಡುವುದಿಲ್ಲ, ನಗುವುದಿಲ್ಲ, ವರ್ಷಕ್ಕೊಮ್ಮೆ ಗಾಜು ಒರೆಸಿದರೆ ಸಾಕು. ಮಾತಾಡುವ ಸವತಿಯೇ ಬೇರೆ. ಎಂಥ ತಿಳಿ ದನಿ ಅದು! ತನ್ನದು ಮೊದಲಿನಿಂದಲೂ ಒಡಕು ಗಂಟಲು. ನಾಚಿಕೆಯಾಗುವಷ್ಟು ಹೊಟ್ಟೆಕಿಚ್ಚು ಅವಳನ್ನು ಹಿಡಿದುಕೊಂಡಿತು. ಸತ್ತವಳ ಮೇಲೆ ಹೊಟ್ಟೆಕಿಚ್ಚೇ ಎಂದು ತನ್ನನ್ನೇ ಬೈದುಕೊಂಡಳು. ಬೈದುಕೊಂಡರೆ ಅದು ಹೋದೀತೇ?

ಈ ಚಿತ್ರ ಇಲ್ಲದಂತೆ ಮಾಡುವುದು ಸುಲಭವಿತ್ತು. ಪೋಸ್ಟರಿನಲ್ಲಿ ಹೆಸರಿಲ್ಲ, ಮೇಷ್ಟ್ರೇ ನಗೆ ಚಿತ್ರ ಹಾಕೋಣ ಎಂದಿದ್ದಾರೆ, ಗಂಡನಿಗೂ ಬೇಡ. 'ದನಿ ಸರಿಯಿಲ್ಲ ಮೇಷ್ಟ್ರೇ' ಎಂದರೆ ಮುಗಿಯಿತು. ಆದರೆ ಅವಳಿಗೆ ಹಳೆಯದೊಂದು ಮಧ್ಯಾಹ್ನ ನೆನಪಾಯಿತು. ಜಡೆ ಹಾಕಿಸಿಕೊಳ್ಳುತ್ತಿದ್ದ ಪುಟ್ಟ ಮಗಳು ಫೋಟೋದತ್ತ ಬೆರಳು ಮಾಡಿ, "ಅಮ್ಮ ಹೇಗೆ ಮಾತಾಡ್ತಿದ್ಲು ಚಿಕ್ಕಮ್ಮ?" ಎಂದು ಕೇಳಿದ್ದಳು. ಬೀಗದಕ್ಕನಿಗೇನು ಗೊತ್ತು? "ನಿಮ್ಮಪ್ಪನ್ನ ಕೇಳು" ಎಂದಿದ್ದಳು. ಅಪ್ಪ ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋಗಿಬಿಟ್ಟಿದ್ದ. ಮಗು ಮತ್ತೆಂದೂ ಕೇಳಲಿಲ್ಲ.

ಅವಳು ಭವನಕ್ಕೆ ಬೀಗ ಹಾಕಿ ನೇರ ಪ್ರೆಸ್ಸಿಗೆ ನಡೆದಳು. ಗಂಡ ಕಾಗದ ಕತ್ತರಿಸುತ್ತಿದ್ದ.

"ನೋಡಿದೆ" ಎಂದಳು.

ಅವನ ಕೈ ನಿಂತಿತು. ಏನನ್ನು ಎಂದು ಅವನು ಕೇಳಲಿಲ್ಲ.

"ಯಾಕೆ ಹೇಳ್ಲಿಲ್ಲ ನೀವು?"

ಅವನು ಕತ್ತರಿಸಿದ ಹಾಳೆಗಳ ಅಂಚನ್ನು ಮೇಜಿಗೆ ಕುಟ್ಟಿ ಕುಟ್ಟಿ ಸಮ ಮಾಡಿದ. "ಅವ್ಳು ಹೋದ್ಮೇಲೆ ಬಂತು ಆ ಪಿಕ್ಚರ್ರು" ಎಂದ ಕೊನೆಗೆ. "ಟಾಕೀಸಲ್ಲಿ ಇದ್ದಷ್ಟು ದಿನವೂ ಹೋದೆ. ಮಗೂನ ಅಕ್ಕನ ಮನೇಲಿ ಬಿಟ್ಟು ಹೋಗ್ತಿದ್ದೆ. ಅವ್ಳು ಬರೋ ತನಕ ಕಾಯೋದು, ಅವ್ಳು ಹೋದ ತಕ್ಷಣ ಎದ್ದು ಬರೋದು. ಪ್ರೆಸ್ ಬಾಗಿಲು ತೆಗೀತಾನೇ ಇರ್ಲಿಲ್ಲ. ಒಂದಿನ ಅಕ್ಕ ಬೈದ್ಲು, 'ಸತ್ತವಳ ಜೊತೆ ಸಂಸಾರ ಮಾಡ್ತೀಯೋ, ಬದುಕಿರೋ ಮಗೂನ ಸಾಕ್ತೀಯೋ' ಅಂತ. ಅವತ್ತಿಗೆ ಬಿಟ್ಟೆ. ನೀನು ಬಂದ್ಮೇಲಂತೂ ಆ ಮಾತೇ ಎತ್ತಬಾರ್ದು ಅಂದ್ಕೊಂಡೆ. ನಿನಗೆ ನೋವಾಗುತ್ತೆ ಅಂತ."

"ನನಗೋಸ್ಕರನಾ?" ಬೀಗದಕ್ಕನಿಗೆ ಸಿಟ್ಟು ಬಂತು. "ನಾನು ಕೇಳಿದ್ನಾ? ನನಗೆ ನೋವಾಗಬಾರ್ದು ಅಂತ ನೀವು ಬಾಯಿಗೆ ಬೀಗ ಹಾಕ್ಕೊಂಡ್ರಿ. ಆ ಹುಡುಗಿಗೆ ಅವಳಮ್ಮನ ಒಂದು ಮಾತೂ ಸಿಗದ ಹಾಗಾಯ್ತು. ಪಾಪ ಯಾರಿಗೆ ಸುತ್ಕೊಳ್ಳುತ್ತೆ? ನನಗೆ ತಾನೇ!"

ಅವನು ಹಾಳೆಗಳನ್ನು ಮತ್ತೆ ಜೋಡಿಸತೊಡಗಿದ. "ಅವಳಿಗೆ ಹೇಳ್ಬೇಡ" ಎಂದಷ್ಟೇ ಅಂದ. ಆದರೆ ಆ ಮಾತಿನಲ್ಲಿ ಬಲವಿರಲಿಲ್ಲ.

ಆ ಸಂಜೆ ಮೇಕಪ್ ಕೋಣೆಯಲ್ಲಿ ಬೀಗದಕ್ಕ ಮಗಳ ನಾಟಕದ ಉಡುಪಿಗೆ ಗುಂಡಿ ಹೊಲಿಯುತ್ತಿದ್ದಳು. ಮಗಳು ನಾಟಕದಲ್ಲಿ ನ್ಯಾಯಾಧೀಶೆ. ಕನ್ನಡಿಯ ಮುಂದೆ ನಿಂತು ತೀರ್ಪು ಓದುವುದನ್ನು ಅಭ್ಯಾಸ ಮಾಡುತ್ತಿದ್ದಳು. ಎಲ್ಲರೆದುರು, ಜನ ತುಂಬಿದ ಸಭಾಂಗಣದ ಕತ್ತಲಲ್ಲಿ, ಇವಳಿಗೆ ಇದು ದಿಢೀರನೆ ಎದುರಾಗಬಾರದು ಎಂದು ಬೀಗದಕ್ಕ ತೀರ್ಮಾನಿಸಿದ್ದಳು. ದಾರ ಕಚ್ಚಿ ತುಂಡು ಮಾಡಿ, ಸುತ್ತಿ ಬಳಸದೆ ಹೇಳಿಬಿಟ್ಟಳು.

ಮಗಳು ಕನ್ನಡಿಯಿಂದ ತಿರುಗಲಿಲ್ಲ. "ಮಾತಾಡ್ತಾಳಾ?"

"ಮಾತಾಡ್ತಾಳೆ. ನೀನೂ ಇದೀಯ, ಸೊಂಟದ ಮೇಲೆ."

"ನೀನು ನೋಡಿದ್ಯಾ?"

"ಹೂಂ."

"ನಿನಗೆ..." ಎಂದು ಶುರುಮಾಡಿದ ಮಗಳು ಮಾತು ನುಂಗಿಕೊಂಡಳು. ತೀರ್ಪಿನ ಹಾಳೆ ಮಡಿಚಿಟ್ಟು, "ನಾಳೆ ಮಧ್ಯಾಹ್ನ ಅಂಗಡಿಗೆ ಅರ್ಧ ದಿನ ರಜ ಹಾಕ್ತೀನಿ. ನೀನೇ ತೋರಿಸು. ಅಪ್ಪಂಗೆ ಬರೋಕೆ ಹೇಳು. ಬರದಿದ್ರೆ ಬೇಡ" ಎಂದಳು.

ಅವನು ಬಂದ. ಒಳಗೆ ಬಾರದೆ ಬಾಗಿಲ ಬಳಿ, ಬೆಂಕಿ ಆರಿಸುವ ಸಿಲಿಂಡರಿನ ಪಕ್ಕ, ಬಸ್ಸು ಕಾಯುವವನಂತೆ ನಿಂತ. ಬೀಗದಕ್ಕ ಚಿತ್ರವನ್ನು ಆ ದೃಶ್ಯದ ಸ್ವಲ್ಪ ಹಿಂದಿನಿಂದ ಹಚ್ಚಿ, ತಾನು ಹಿಂದಿನ ಸಾಲಿನಲ್ಲಿ ಕುಳಿತಳು. ಮಗಳು ನಡುವಿನ ಸಾಲಿನಲ್ಲಿ ಒಬ್ಬಳೇ. ಪರದೆಯ ಮೇಲೆ ಹೆಂಗಸು ತಿರುಗಿದಳು, ಮಾತಾಡಿದಳು, ಗದರಿದಳು, ನಕ್ಕಳು, ಹೋದಳು.

ಅಳು ಬಂದೀತು ಎಂದು ಬೀಗದಕ್ಕ ಸೆರಗು ಕೈಯಲ್ಲಿ ಹಿಡಿದೇ ಕೂತಿದ್ದಳು. ಮಗಳು ಅಳಲಿಲ್ಲ. "ಇನ್ನೊಂದ್ಸಲ" ಎಂದಳು. ಮತ್ತೆ, "ಇನ್ನೊಂದ್ಸಲ". ಹಲವು ಸಲ ನೋಡಿದ ಮೇಲೆ ಬಾಗಿಲ ಕಡೆ ತಿರುಗಿ, "ಅಪ್ಪಾ, ಆ ಕೊಡೆ ಯಾವ ಬಣ್ಣದ್ದು?" ಎಂದು ಕೇಳಿದಳು.

ಏನನ್ನೋ ಕೇಳುತ್ತಾಳೆ ಎಂದು ಹೆದರಿ ನಿಂತಿದ್ದವನಿಗೆ ಈ ಪ್ರಶ್ನೆ ಅನಿರೀಕ್ಷಿತ. "ನೀಲಿ" ಎಂದ. ಬಾಗಿಲಿಂದ ಒಂದು ಹೆಜ್ಜೆ ಒಳಗೆ ಬಂದ. "ನಮ್ದಲ್ಲ ಅದು. ಪಕ್ಕದ ಮನೆಯವರದ್ದು. ಸಿನಿಮಾದವರ ಮುಂದೆ ನಮ್ಮ ತೂತುಕೊಡೆ ಹಿಡಿಯೋಕೆ ಮರ್ಯಾದೆ ಕಡಿಮೆ ಆಗುತ್ತೆ ಅಂತ ಕೇಳಿ ತಂದಿದ್ಲು. ವಾಪಸ್ ಕೊಡೋದು ಮರೆತು ಆಮೇಲೆ ಇಡೀ ಬೀದಿಗೇ ಕೇಳೋ ಹಾಗೆ ಜಗಳ."

"ಜಗಳ ಆಡ್ತಿದ್ಲಾ?" ಮಗಳ ಕಣ್ಣು ಅರಳಿತು. ಗೋಡೆಯ ಮೇಲಿನ ಅಮ್ಮ ಇವತ್ತಿನವರೆಗೆ ದೇವತೆ. ಯಾರ ಜೊತೆಗೂ ಜಗಳವಾಡಿದವಳಲ್ಲ.

"ಅಯ್ಯೋ, ಅವಳ ಬಾಯಿ!" ಎಂದವನು ನಗಲು ಹೋಗಿ ಮುಖ ಮುಚ್ಚಿಕೊಂಡ. ಬೀಗದಕ್ಕ ಎದ್ದು ಹೋಗಿ ಅವನ ಭುಜ ಹಿಡಿದು ಕರೆತಂದು ಮಗಳ ಪಕ್ಕ ಕೂರಿಸಿದಳು. ತಾನು ಪ್ರೊಜೆಕ್ಟರ್ ಗೂಡಿಗೆ ಹೋಗಿ, ಮಾಡಲು ಏನೂ ಕೆಲಸವಿಲ್ಲದಿದ್ದರೂ, ತಂತಿಗಳನ್ನು ಸುತ್ತಿಡುತ್ತ ನಿಂತಳು. ಅವಳಿಗೂ ಒಂದಿಷ್ಟು ಅಳುವುದಿತ್ತು.

ಮರುದಿನ ಗಂಡ ಒಂದು ಉದ್ದನೆಯ ಪಟ್ಟಿ ಅಚ್ಚು ಮಾಡಿ ತಂದು, ಮೈದಾ ಅಂಟು ಹಚ್ಚಿ, ಊರಿನ ಎಲ್ಲ ಪೋಸ್ಟರುಗಳ ಕೆಳಗೂ ತಾನೇ ಅಂಟಿಸಿ ಬಂದ: 'ಶುಕ್ರವಾರ ಸಂಜೆ, ನಮ್ಮೂರಿನಲ್ಲೇ ತೆಗೆದ ಸಿನಿಮಾ'. ಸಿನಿಮಾ ಮೇಷ್ಟ್ರು ಅದನ್ನು ಓದಿ ಕಾರಣ ಕೇಳದೆ ಸುಮ್ಮನೆ ಬೀಗಿದರು.

ಶುಕ್ರವಾರ ಭವನದಲ್ಲಿ ಕಾಲಿಡಲು ಜಾಗವಿರಲಿಲ್ಲ. ತಮ್ಮವರನ್ನು ಹುಡುಕಲು ಬಂದ ಜನ ಕಥೆಯನ್ನೇ ಮರೆತರು. "ಅಗೋ ನಮ್ಮಜ್ಜ!", "ಏ, ಆ ಸೈಕಲ್ಲು ನನ್ದು ಕಣೋ!" ಎಂದು ಕೂಗಾಟ. ಮಾರುಕಟ್ಟೆಯ ದೃಶ್ಯ ಬಂದಾಗ ಅಮ್ಮನ ಮಾತಿಗೆ ಇಡೀ ಸಭಾಂಗಣ ನಕ್ಕಿತು. ಗುರುತು ಹಿಡಿದ ಕೆಲವು ಹಳಬರು ಮಾತ್ರ ಥಟ್ಟನೆ ಸುಮ್ಮನಾಗಿ, ಬಾಗಿಲ ಬಳಿ ನಿಂತಿದ್ದ ಬೀಗದಕ್ಕನ ಕಡೆ ಕಳ್ಳನೋಟ ಬೀರಿದರು. ಚಿತ್ರ ಮುಗಿದು ಜನ ಚದುರುವಾಗ ಗಂಡನ ಅಕ್ಕ ಅವಳ ಕೈ ಹಿಡಿದು, "ನಿನಗೆ ಬೇಜಾರಾಗ್ಲಿಲ್ವೇನೇ?" ಎಂದು ಪಿಸುಗುಟ್ಟಿದಳು.

"ಆಯ್ತು ಅತ್ತಿಗೆ, ಯಾಕಾಗಲ್ಲ" ಎಂದಳು ಬೀಗದಕ್ಕ. "ಆದ್ರೆ ಇಷ್ಟು ವರ್ಷ ಅವಳು ಮನೇಲಿದ್ದೂ ಇಲ್ಲದ ಹಾಗಿದ್ಲಲ್ಲ, ಅದು ಇದಕ್ಕಿಂತ ಭಾರ ಇತ್ತು."

ಶನಿವಾರದ ನಾಟಕ ಅಷ್ಟೇನೂ ಚೆನ್ನಾಗಿ ಆಗಲಿಲ್ಲ. ಕಳ್ಳನ ಪಾತ್ರದವನ ಮೀಸೆ ಬಿದ್ದುಹೋಯಿತು, ಜನ ನಕ್ಕರು, ನ್ಯಾಯಾಧೀಶೆಗೂ ನಗು ತಡೆಯಲಾಗಲಿಲ್ಲ. ಕುರ್ಚಿಗಳನ್ನೆಲ್ಲ ಪೇರಿಸಿ ಬೀಗ ಹಾಕಿ ಬೀದಿಗಿಳಿದಾಗ ಅಪ್ಪ ಮಗಳು ಮುಂದೆ ಮುಂದೆ ಹೋಗುತ್ತಿದ್ದರು. ಅವನು ಕೈ ಆಡಿಸುತ್ತ ಏನೋ ಹೇಳುತ್ತಿದ್ದ. ಕೆಲವು ದಿನದಿಂದ ಅವನ ಬಾಯಿ ನಿಂತಿರಲಿಲ್ಲ. ಕಟ್ಟೆ ಒಡೆದ ಕೆರೆಯ ಹಾಗೆ. ಆ ಮಾತಿನಲ್ಲಿ ತಾನಿಲ್ಲದ ಕಾಲ, ತಾನು ಕಾಣದ ಮನೆ. ಬೀಗದಕ್ಕ ಬೇಕೆಂದೇ ನಡಿಗೆ ನಿಧಾನ ಮಾಡಿದಳು. ಅವರಿಗೆ ಅದು ಸಿಗಲಿ ಎಂದುಕೊಂಡಳು. ಎದೆಯ ಮೂಲೆಯಲ್ಲಿ ಒಂದು ಚುಕ್ಕಿ ಉರಿ ಇನ್ನೂ ಇತ್ತು. ಇರಲಿ, ಅದೂ ಮನೆಯದೇ.

ತಿರುವಿನ ದೀಪದ ಕೆಳಗೆ ಮಗಳು ನಿಂತು ಹಿಂದಿರುಗಿ ನೋಡಿದಳು.

"ಚಿಕ್ಕಮ್ಮಾ, ಬೇಗ ಬಾ! ಹೆಣ್ಣು ಕೇಳೋಕೆ ಅಂತ ಅಮ್ಮನ್ನ ನೋಡೋಕೆ ಹೋದಾಗ ಇವರು ಮಾತೇ ಆಡದೆ ವಾಪಸ್ ಬಂದ್ರಂತೆ. ಅಪ್ಪ ಸುಳ್ಳು ಹೇಳ್ತಿದಾರೋ ನಿಜವೋ ನೀನೇ ಹೇಳು. ನಿನ್ನ ನೋಡೋಕೆ ಬಂದಾಗ ಏನ್ ಮಾಡಿದ್ರು?"

"ಮಾತಾ?" ಎಂದಳು ಬೀಗದಕ್ಕ, ಹೆಜ್ಜೆ ಚುರುಕು ಮಾಡುತ್ತ. "ತಲೆ ಎತ್ತಿ ನೋಡಿದ್ರೆ ಹೆಚ್ಚು!"

"ಏ, ನೋಡಿದ್ದೆ!" ಎಂದ ಅವನು. ಮೂವರೂ ವಾದ ಮಾಡುತ್ತ ಮನೆಯ ಕಡೆ ತಿರುಗಿದರು.