ಬಾಜೂಕ ನಿಂತ ಡಾಕ್ಟರು

"ಈ ಕಾರ್ಡು ಈ ವರ್ಷ ಇಲ್ಲಿ ನಡಿಯೂದಿಲ್ರೀ ಅಕ್ಕಾರ," ಎಂದು ಪ್ರಮಿಳಾ ವಿಮೆಯ ಕಾರ್ಡನ್ನು ಮೆಲ್ಲಗೆ ಹಿಂದಕ್ಕೆ ಸರಿಸಿದಳು. ಖಾನಾಪುರದ ಆ ಹತ್ತು ಮಂಚದ ಆಸ್ಪತ್ರೆಯಲ್ಲಿ ಕೌಂಟರು, ಔಷಧಿ, ಫೋನು ಎಲ್ಲವೂ ಅವಳದೇ ಉಸ್ತುವಾರಿ.

ಬಾಳವ್ವ ಹೊಟ್ಟೆಯ ಮೇಲೆ ಕೈ ಒತ್ತಿಕೊಂಡು ನಿಂತಿದ್ದಳು. ಹಿಂದೆ ಗಂಡ ದುಂಡಪ್ಪ, ಅವನ ಹೆಗಲ ಮೇಲೆ ಮಡಿಸಿದ ಹೊಸ ಕಂಬಳಿ. ಹಲಸಿಯಿಂದ ಮೊದಲ ಬಸ್ಸಿಗೇ ಹೊರಟು ಬಂದಿದ್ದರು.

"ಹೋದ ವರ್ಷ ನಮ್ಮ ಓಣ್ಯಾಗಿನ ರಾಯಪ್ಪನ ಆಪರೇಶನ್ನು ಇದ ಕಾರ್ಡಿನ ಮ್ಯಾಲ ಇಲ್ಲೇ ಆತಲ್ಲ ತಂಗಿ?" ಎಂದಳು ಬಾಳವ್ವ.

"ಆ ಕರಾರು ಮುಗೀತ್ರಿ. ವಿಮಾ ಕಂಪನಿಯವರು ಈ ಸಲ ದೊಡ್ಡ ದವಾಖಾನಿಗೆ ಅಷ್ಟ ಕರಾರು ಕೊಟ್ಟಾರ. ನಮ್ಮಲ್ಲಿ ಮಂಚ ಕಡಿಮಿ ಅಂತ. ಬೆಳಗಾವಿಗೆ ಹೋಗ್ರಿ, ಖಾಸಬಾಗದಾಗ ಅಮರ ಡಾಕ್ಟರ ದವಾಖಾನ್ಯಾಗ ನಡೀತೈತಿ."

ಕಂಪನಿಗೆ ಮಂಚ ಎಣಿಸಲು ಬರುತ್ತದೆ, ಕೈಗುಣ ಎಣಿಸಲು ಬರುವುದಿಲ್ಲ. ಬಂದಿದ್ದರೆ ಈ ಆಸ್ಪತ್ರೆಯ ರಾಮಲಿಂಗ ಪಟ್ಟಣಶೆಟ್ಟಿ ಡಾಕ್ಟರನ್ನು ಬಿಟ್ಟು ಕರಾರು ಬರೆಯುತ್ತಿರಲಿಲ್ಲ. ಹಿಂದೊಮ್ಮೆ ಎಮ್ಮೆ ಇರಿದು ಬಾಳವ್ವನ ಕರುಳು ಹರಿದಾಗ, ಉಳಿಯುವುದಿಲ್ಲ ಎಂದು ಬಂಧುಬಳಗ ಅಳುತ್ತ ಕೂತಿರುವಾಗ ಹೊಲಿದು ಬದುಕಿಸಿದವರು ಅವರೇ. ಈಗ ಹಾಲಿನ ಸೊಸೈಟಿಯಲ್ಲಿ ವಿಮೆಯ ಕಂತು ಮುರಿದುಕೊಳ್ಳುವುದು ಆ ಎಮ್ಮೆಯ ಮಗಳ ಹಾಲಿನಿಂದ. ತಾಯಿ ಮಾಡಿದ ತಪ್ಪಿಗೆ ಮಗಳು ದಂಡ ಕಟ್ಟುತ್ತಿದೆ ಎಂದು ದುಂಡಪ್ಪ ನಗುತ್ತಿದ್ದ. ಇವತ್ತು ಅವನಿಗೆ ನಗು ಬರಲಿಲ್ಲ.

ಡಾಕ್ಟರು ಅವಳನ್ನು ಒಳಗೆ ಕರೆದು ಹೊಟ್ಟೆ ಒತ್ತಿ ನೋಡಿದರು. ಅವರ ಮುಖ ಗಂಭೀರವಾಯಿತು.

"ಹಳೇ ಗಾಯ ಸಡಲಾಗಿ ಕರುಳು ಹೊರಗ ಬರಾಕತ್ತೈತಿ, ಬಾಳವ್ವ. ಇವತ್ತು ಹೆಂಗೋ ಒಳಗ ಹೋತು. ಇನ್ನೊಮ್ಮೆ ಸಿಕ್ಕೊಂಡ್ರ ಜೀವಕ್ಕ ಬರತೈತಿ. ತಡಾ ಮಾಡುವಂಗಿಲ್ಲ."

"ಹಂಗಾರ ನೀವ ಮಾಡ್ರಿ."

"ಮಾಡ್ತೀನಿ. ರೊಕ್ಕದ ಮಾತು ಬಿಡು."

"ಹೆಂಗ ಬಿಡೂಣ್ರಿ? ಕಾರ್ಡಿಗೆ ತಪ್ಪದಂಗ ಕಟ್ಟೀನಿ. ಧರ್ಮಕ್ಕ ಕೊಯ್ಸಿಕೊಳ್ಳಾಕಿ ಅಲ್ಲ ನಾ."

"ಹಂಗಾರ ಬೆಳಗಾವಿಗೆ ಹೋಗು. ಅಮರ ನನ್ನ ಕಡೇನ ಕಲತಾಂವ. ಚಲೋ ಮಾಡ್ತಾನ."

"ಕಲಿಸಿದವರು ಇಲ್ಲೇ ಕುಂತಾಗ ಕಲತವರ ಕಡೆ ಯಾಕ ಹೋಗ್ಲಿ? ಮನಿಗೆ ಹೋಗ್ತೀನ್ರಿ. ಆದದ್ದಾಗಲಿ," ಎಂದು ಬಾಳವ್ವ ಕೈಚೀಲ ಎತ್ತಿಕೊಂಡೇಬಿಟ್ಟಳು.

ಹಟದಲ್ಲಿ ಅವಳು ಎಮ್ಮೆಗೇನೂ ಕಡಿಮೆಯಿರಲಿಲ್ಲ. ಆದರೆ ಪುಕ್ಕಟೆ ಸಿಕ್ಕಿದ್ದನ್ನು ಬೇಡ ಎನ್ನುವ ಹಟ ಎಷ್ಟು ಜನಕ್ಕಿದೆ? ಡಾಕ್ಟರದೂ ಒಂದು ಹಟವಿತ್ತು. ಮಗನಂತೆ ಬೆಳೆಸಿದ ಅಮರ ಹೇಳದೆ ಕೇಳದೆ ಬಿಟ್ಟುಹೋಗಿ ಖಾಸಬಾಗದಲ್ಲಿ ಮೂರಂತಸ್ತಿನ ಆಸ್ಪತ್ರೆ ಕಟ್ಟಿದಂದಿನಿಂದ ಇಬ್ಬರಿಗೂ ಮಾತಿಲ್ಲ. ಅವನ ಮೆಟ್ಟಿಲು ತುಳಿಯುವುದಿಲ್ಲ ಎಂದು ನಾಲ್ಕು ಜನರ ಮುಂದೆ ಅಂದೂಬಿಟ್ಟಿದ್ದರು.

ಬಾಗಿಲವರೆಗೆ ಹೋದ ಬಾಳವ್ವನ ಬೆನ್ನು ನೋಡುತ್ತ ಅವರು ಕನ್ನಡಕ ತೆಗೆದು ಒರೆಸಿಕೊಂಡರು.

"ನಿಂದ್ರು ಯವ್ವಾ. ಅಂವ ಕೊಯ್ಯಲಿ. ಬಾಜೂಕ ನಾ ನಿಂದರ್ತೀನಿ. ಆಗತೈತೇನು?"

ಬಾಳವ್ವ ಕೈಚೀಲ ಕೆಳಗಿಟ್ಟಳು. "ನಿಮ್ಮ ದನಿ ನನಗ ಕೇಳತಿರಬೇಕು ನೋಡ್ರಿ."

ಮಧ್ಯಾಹ್ನದ ರೈಲಿಗೆ ಮೂವರೂ ಹೊರಟರು. ಕಂಬಳಿಯ ಅಂಚನ್ನು ಬೆರಳಲ್ಲಿ ಮುಟ್ಟಿ ನೋಡಿ, "ಯಾರಿಗೋ ಇದು?" ಎಂದು ಡಾಕ್ಟರು ದುಂಡಪ್ಪನನ್ನು ಕೇಳಿದರು.

"ಕೊಯ್ದು ಉಳಿಸಿದವರಿಗೆ ಹೊದಸೂಣು ಅಂತ ನೇಯಿಸೀನ್ರಿ."

"ಹಂಗಾರ ನನಗಲ್ಲ ಬಿಡು," ಎಂದು ನಕ್ಕು ಅವರು ಕಿಟಕಿಯಾಚೆ ನೋಡಿದರು.

ದುಂಡಪ್ಪನಿಗೆ ಪೆಚ್ಚೆನಿಸಿತು. ದೇಸೂರು ದಾಟುವವರೆಗೂ ಕಂಬಳಿಯ ಸುದ್ದಿಯನ್ನೇ ಹೇಳಿದ. ತಮ್ಮ ಹಟ್ಟಿಯಲ್ಲಿ ಪಾಲಿನ ಜಗಳವಿರಲಿ, ಬೀಗರ ಮುನಿಸಿರಲಿ, ಹಿರಿಯರು ಕಂಬಳಿ ಹಾಸಿ ಕುಂದರ್ರಿ ಅಂದ ಮೇಲೆ ಇಬ್ಬರೂ ಅದೊಂದರ ಮೇಲೇ ಕೂರಬೇಕು, ಒಲ್ಲೆ ಎನ್ನುವ ಹಾಗಿಲ್ಲ. ಬಾಳವ್ವ ಕಣ್ಣು ಮುಚ್ಚಿ ಮಲಗಿದ್ದಳು. ಡಾಕ್ಟರು ಆಗಾಗ ಅವಳ ನಾಡಿ ಹಿಡಿದು ನೋಡುತ್ತಿದ್ದರು.

ಖಾಸಬಾಗದ ಆಸ್ಪತ್ರೆಯ ಕೆಳಗಿನ ಮೆಟ್ಟಿಲ ಮೇಲೆ ಅವರು ಒಂದು ಗಳಿಗೆ ನಿಂತರು. ಆಮೇಲೆ ಹತ್ತಿದರು. ಸುದ್ದಿ ಕೇಳಿ ಮೇಲಿನಿಂದ ಓಡಿ ಬಂದ ಅಮರ ಬಾಳವ್ವನ ಕಾರ್ಡು ಇಸಿದುಕೊಂಡ. ವಿಮೆಯ ಕೆಲಸ ನೋಡುವ ಗುಮಾಸ್ತ ಇಬ್ಬರು ಡಾಕ್ಟರನ್ನೂ ನೋಡಿ ಬಾಯಿ ಹಾಕಿದ. "ಸರ್, ಕರಾರಿನ್ಯಾಗ ಹೆಸರಿದ್ದ ಡಾಕ್ಟರ ಮಾಡಬೇಕ್ರಿ. ಬ್ಯಾರೇಯವರು ಮಾಡಿದ್ರ ಕಂಪನಿ ಒಪ್ಪೂದಿಲ್ಲ."

"ಹೆಸರಿಗೆ ನಾ ಇರ್ತೀನಿ," ಎಂದ ಅಮರ. "ಸರ್, ನೀವ ಮಾಡ್ರಿ."

"ಸುಳ್ಳು ಬರಸಬ್ಯಾಡ," ಎಂದರು ಪಟ್ಟಣಶೆಟ್ಟಿ ಡಾಕ್ಟರು. "ಈಕಿ ಧರ್ಮಕ್ಕ ಒಲ್ಲೆ ಅಂದಾಕಿ, ಖೋಟಾಕ್ಕ ಹ್ಞೂಂ ಅಂತಾಳೇನು? ನೀನ ಕೊಯ್ಯಿ. ನಾ ಹಿಡಕೊಂಡು ನಿಂದರ್ತೀನಿ. ಒಳಗ ಎಲ್ಲಿ ಏನು ಅಂಟೇತಿ, ನನಗ ಗೊತ್ತೈತಿ."

ಮರುದಿನ ಬೆಳಿಗ್ಗೆ, ಕಂಪನಿಯ ಒಪ್ಪಿಗೆ ಬಂದ ಮೇಲೆ, ಹಾಗೆಯೇ ಆಯಿತು. ನಲವತ್ತು ವರ್ಷ ಕತ್ತಿ ಹಿಡಿದ ಕೈ ಅಂದು ಗಾಯದ ಅಂಚನ್ನು ಅಗಲಿಸಿ ಹಿಡಿದುಕೊಂಡು ನಿಂತಿತು. ಅದು ಕಲಿಯುವ ಹುಡುಗರಿಗೆ ಕೊಡುವ ಕೆಲಸ. ಬಾಳವ್ವನಿಗೆ ಎದೆಯ ಕೆಳಗೆ ಜೋಮು ಬರಿಸಿದ್ದರು, ಎಚ್ಚರವಿತ್ತು, ಕಣ್ಣೆದುರು ಹಸಿರು ಬಟ್ಟೆಯ ಪರದೆ. ಅದರಾಚೆ ನಡೆದ ಮಾತನ್ನು ಆಮೇಲೆ ಅವಳು ಹಲಸಿಯಲ್ಲಿ ಕೇಳಿದವರಿಗೆಲ್ಲ ಹೇಳಿದಳು.

"ಸರ್, ಇಲ್ಲಿ ಬಿಡಿಸ್ಲಿ?"

"ಅಲ್ಲಿ ಬ್ಯಾಡ, ಎಡಕ್ಕ ಬಾ. ಅಲ್ಲಿ ನಾನ ಹೊಲದೀನಿ... ಹ್ಞಾಂ, ಹಂಗ. ಬಾಳವ್ವ, ನಿನ್ನ ಎಮ್ಮಿ ಹಾಲು ಹೆಂಗ ಕೊಡತೈತಿ?"

"ಚಲೋ ಕೊಡತೈತ್ರಿ. ಅವ್ವನಂಗ ಇರಿಯೂದಿಲ್ಲ."

ಪರದೆಯಾಚೆ ಇಬ್ಬರೂ ನಕ್ಕರಂತೆ.

ಹೊರಗೆ ದುಂಡಪ್ಪ ಬಾಗಿಲನ್ನೇ ನೋಡುತ್ತ ಕೂತಿದ್ದ. ಬಾಗಿಲು ತೆರೆದು ಇಬ್ಬರೂ ಒಟ್ಟಿಗೆ ಬಂದರು. "ಚಲೋ ಆತಪಾ, ಅಂಜಬ್ಯಾಡ," ಎಂದರು ಹಿರಿಯರು. ದುಂಡಪ್ಪ ಕಣ್ಣೊರೆಸಿಕೊಂಡು, ಕಂಬಳಿ ಬಿಚ್ಚಿ ಅವರ ಹೆಗಲಿಗೆ ಹಾಕಲು ಹೋದ. ಅವರು ಹಿಂದೆ ಸರಿದರು.

"ಕೊಯ್ದಾಂವ ಅಂವ. ಅವಗ ಹೊದಸು."

"ನನಗ ಬ್ಯಾಡ," ಎಂದ ಅಮರ. "ದಾರಿ ತೋರಿಸಿದವರು ಅವರು. ಅವರಿಗೇ ಹಾಕಪಾ."

ಇಬ್ಬರೂ ಮುಖ ಬೇರೆ ಬೇರೆ ಕಡೆ ಮಾಡಿಕೊಂಡು ನಿಂತರು. ಇರುವುದು ಒಂದೇ ಕಂಬಳಿ. ದುಂಡಪ್ಪ ಇವರನ್ನು ನೋಡಿದ, ಅವನನ್ನು ನೋಡಿದ. ಆಮೇಲೆ ಗೋಡೆಗಂಟಿದ ಬೆಂಚನ್ನು ಟಾವೆಲಿನಿಂದ ಝಾಡಿಸಿ, ಕಂಬಳಿಯನ್ನು ಆ ತುದಿಯಿಂದ ಈ ತುದಿಗೆ ಹಾಸಿದ.

"ಕುಂದರ್ರಿ," ಎಂದ.

ಪಟ್ಟಣಶೆಟ್ಟಿ ಡಾಕ್ಟರು ಕಂಬಳಿಯನ್ನೊಮ್ಮೆ, ದುಂಡಪ್ಪನನ್ನೊಮ್ಮೆ ನೋಡಿ, ಒಂದು ತುದಿಗೆ ಕೂತರು. ಸ್ವಲ್ಪ ಹೊತ್ತಿನ ಮೇಲೆ ಇನ್ನೊಂದು ತುದಿಗೆ ಅಮರ ಕೂತ. ನಡುವೆ ಒಬ್ಬರು ಕೂರುವಷ್ಟು ಜಾಗ ಉಳಿದಿತ್ತು. ಹೊಸ ಉಣ್ಣೆ ಚುಚ್ಚುತ್ತಿತ್ತು. ಇಬ್ಬರೂ ಏಳಲಿಲ್ಲ.