ಅಂಕೆಗಳಿಗೆ ಅಂಗಿ ಹೊಲಿದವಳು

ದೊಡ್ಡ ಕೆರೆಯ ಕೆಳಗೊಂದು ಊರಿತ್ತು. ಅಲ್ಲಿ ಅಂಕೆಗಳೂ ಅಕ್ಷರಗಳೂ ಮನುಷ್ಯರ ನಡುವೆಯೇ ಓಡಾಡಿಕೊಂಡಿದ್ದವು. ಕೆರೆಗೆ ಏಳು ಹಳ್ಳ. ಪ್ರತಿ ಹಳ್ಳದಿಂದ ಬೆಳಿಗ್ಗೆ ಅದರ ನೀರಿನ ಅಳತೆಯಾಗಿ ಒಂದೊಂದು ಅಂಕೆ, ಲೆಕ್ಕ ಕೂಡುವ ಕೂಡುಕಟ್ಟೆಗೆ ಬರುತ್ತಿತ್ತು. ಏಳೂ ಕೈ ಕೈ ಹಿಡಿದರೆ ಸಾಕು, ಕರಗಿ ಒಂದೇ ಅಂಕೆಯಾಗಿ ಎದ್ದು ನಿಲ್ಲುತ್ತಿದ್ದವು. ಅದು ಹತ್ತು ಮೊಳ ದಾಟಿದರೆ ನೀರುಗಂಟಿ ಚೌಡಯ್ಯ ತೂಬು ಎತ್ತಿ ಹೆಚ್ಚಿನ ನೀರು ಬಿಡುತ್ತಿದ್ದ. ಏರಿಯ ಬುಡದಲ್ಲೇ ಮನೆಯಿದ್ದ ಸಿಂಪಿಗರ ತಿಪ್ಪವ್ವ ಇದನ್ನು ದಿನಾ ನೋಡುತ್ತಿದ್ದಳು, ದಿನಾ ಅವಳ ಮೈ ಜುಮ್ಮೆನ್ನುತ್ತಿತ್ತು.

ಒಮ್ಮೆ ಅರಸನಿಗೆ ಹಳ್ಳಹಳ್ಳದ ನೀರಿನ ಲೆಕ್ಕವನ್ನೂ ಅರಮನೆ ಬಾಗಿಲಲ್ಲಿ ಚೆಂದದ ವಾಕ್ಯವಾಗಿ ನಿಲ್ಲಿಸುವ ಮನಸ್ಸಾಯಿತು. ಅರಸರ ಮನಸ್ಸಿಗೆ ಕಡಿವಾಣ ಹಾಕುವವರು ಯಾರು? ಅಕ್ಷರಗಳು ಸಾಲಾಗಿ ನಿಂತವು. ನಡುವೆ ಮೂಡಣ ಹಳ್ಳದ ಅಂಕೆ ಬತ್ತಲೆ ಬಂದು ನಿಂತಿತು. ಭಾಗಿಸಿದಷ್ಟೂ ಮುಗಿಯದ ಮೂರು, ಮೂರು, ಮೂರು ಎಂಬ ಅದರ ಬಾಲ ಬೀದಿಯ ಕೊನೆಯವರೆಗೂ ಚಾಚಿಕೊಂಡಿತ್ತು. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಅಂಕೆ ನಾಚಿ ಹಿಡಿಯಾಯಿತು.

ತಿಪ್ಪವ್ವನಿಗೆ ಕರೆ ಬಂತು. ಅವಳು ಬಾಲವನ್ನು ಒಳಗೆ ಮಡಿಸಿ ಹೊಲಿದು, ನಿಲುವಂಗಿ ತೊಡಿಸಿ, ಸೊಂಟಕ್ಕೆ 'ಮೊಳ' ಎಂಬ ಜರಿಪಟ್ಟಿ ಕಟ್ಟಿದಳು. ಈಗ ಜನ ಮೂಗಿನ ಮೇಲೆ ಬೆರಳಿಟ್ಟರು. ಮುದುಕರು ಕೈ ಮುಗಿದರು. ಇದು ತನ್ನದೇ ಕೈಕೆಲಸವೇ ಎಂದು ತಿಪ್ಪವ್ವನೂ ಬೆರಗಾದಳು. ಇನ್ನು ಮುಂದೆ ಏಳೂ ಅಂಕೆಗಳು ಉಟ್ಟುಕೊಂಡೇ ಹೊರಡಬೇಕೆಂದು ಅಪ್ಪಣೆಯಾಯಿತು.

ಆ ವಾರವೇ ಮಳೆ ಹಿಡಿಯಿತು. ಜರಿ ಉಟ್ಟ ಏಳೂ ಅಂಕೆಗಳು ಕಟ್ಟೆಯ ಮೇಲೆ ಕೈ ಹಿಡಿದವು. ಯಾವುದೂ ಕರಗಲಿಲ್ಲ. ಅಕ್ಷರಗಳ ಹಾಗೆ ಪಕ್ಕಪಕ್ಕ ನಿಂತವು, ಅಷ್ಟೇ. ಕಟ್ಟೆ ಸೊನ್ನೆ ತೋರಿಸಿತು. ಚೌಡಯ್ಯ ಸೊನ್ನೆ ನೋಡಿ, ಎಲೆಯಡಿಕೆ ಹಾಕಿಕೊಂಡು ಕೂತ.

ಅತ್ತ ತಿಪ್ಪವ್ವನ ಹಿತ್ತಿಲಲ್ಲಿ ಏರಿಯಿಂದ ನೀರು ಜಿನುಗುತ್ತಿತ್ತು. ಅವಳು ಕಟ್ಟೆಗೆ ಓಡಿ ಬಂದು ಸೊನ್ನೆಯನ್ನು ನೋಡಿದಳು, ಜರಿಯನ್ನು ನೋಡಿದಳು. ಕಟ್ಟೆಗೆ ಕಾಣುವುದು ಬತ್ತಲೆ ಅಂಕೆ ಮಾತ್ರ, ಉಟ್ಟದ್ದೆಲ್ಲ ಅದಕ್ಕೆ ಅಕ್ಷರವೇ ಎಂದು ಆಗ ಹೊಳೆಯಿತು. ಅಯ್ಯೋ, ನನ್ನ ಕೈಯಾರೆ ಮಾಡಿದೆನಲ್ಲ ಎಂದುಕೊಂಡಳು. ಕತ್ತರಿ ತೆಗೆದಳು.

ಮೂಡಣ ಹಳ್ಳದ ಅಂಕೆ ಅಂಗಿಯನ್ನು ಅವಚಿಕೊಂಡಿತು. "ಬಿಚ್ಚಿದರೆ ಮತ್ತೆ ನಗ್ತಾರವ್ವ."

"ನಗಲಿ ಬಿಡು. ನಗೋದಕ್ಕೂ ಜನ ಉಳೀಬೇಕಲ್ಲ."

ಜರಿಯೆಲ್ಲ ಕೆಸರಿಗೆ ಬಿತ್ತು. ಏಳೂ ಬತ್ತಲೆ ಕೈಗಳು ಕೂಡಿದವು. ಎದ್ದು ನಿಂತದ್ದು ಹದಿನಾಲ್ಕು ಮೊಳ, ಬಾಲ ಮೋಡದೊಳಗೆ. ಯಾರೂ ನಗಲಿಲ್ಲ. ಸುರಿವ ಮಳೆಯಲ್ಲಿ ಊರಿಗೆ ಊರೇ ತಲೆಯೆತ್ತಿ ನಿಂತಿತು. ಚೌಡಯ್ಯ ಎಲೆ ಉಗಿದು ತೂಬಿಗೆ ಓಡಿದ. ಊರು ಉಳಿಯಿತು.

ಮೂರನೆಯ ದಿನ ಅರಮನೆಯ ದೂತ ಒಂದು ಅಂಕೆಯನ್ನು ಕರೆತಂದ. ಅರಸರ ಕೃಪೆಯಿಂದ ಉಳಿದ ಮನೆಗಳ ಅಂಕೆಯಂತೆ. ವಾಕ್ಯ ಕಾಯುತ್ತಿದೆ, ಮಧ್ಯಾಹ್ನದೊಳಗೆ ಅಂಗಿ ಬೇಕಂತೆ. ತಿಪ್ಪವ್ವ ಅಳತೆ ದಾರ ಕೈಗೆತ್ತಿಕೊಳ್ಳಲಿಲ್ಲ. ನಾಳೆ ಮತ್ತೆ ಮಳೆ ಬಂದರೆ ಅಂಕೆಗಳು ಹೇಗೆ ಕೂಡಬೇಕು ಎಂದು ಕೇಳಿದಳು.

"ಆ ಚಿಂತೆ ಬಿಡು," ಎಂದ ದೂತ. "ಬತ್ತಲೆ ಅಂಕೆಗಳನ್ನು ಹೆಂಗಸರು ಮಕ್ಕಳೆಲ್ಲ ನೋಡುವಂತಾಯಿತಲ್ಲ. ಅದಕ್ಕೇ ಕಟ್ಟೆಯನ್ನು ನಿನ್ನೆ ರಾತ್ರಿಯೇ ಕೆಡವಿ, ಆ ಕಲ್ಲಿನಲ್ಲೇ ವಾಕ್ಯಕ್ಕೆ ಜಗಲಿ ಕಟ್ಟಿಸಿದ್ದಾರೆ."