ಕೊನೆಯ ಕುರ್ಚಿಯ ಆಟ

ವಾಲ್ಟ್‌ಗೆ ದೇಶ ಎಂದರೆ ಒಂದು ಕ್ಯಾಸಿನೊದಿಂದ ಇನ್ನೊಂದು ಕ್ಯಾಸಿನೊಗೆ ಹಾಸಿದ ರಸ್ತೆ. ಪೆನ್ಸಿಲ್ವೇನಿಯಾದ ಈರಿಯಿಂದ ಆರಿಜೋನಾಕ್ಕೆ ಕಾರಿನಲ್ಲೇ ಹೋಗೋಣ ಎಂದು ಅವನು ಹೇಳಿದಾಗ ಹೆಂಡತಿ ಬರ್ನಡೀನ್ ಕೇಳಿದ್ದಳು: "ಯಾಕೆ, ವಿಮಾನಕ್ಕೇನಾಗಿದೆ?"

"ವಿಮಾನ ನಡುವೆ ಎಲ್ಲೂ ನಿಲ್ಲಲ್ವಲ್ಲೇ."

ಆರಿಜೋನಾದಲ್ಲಿ ನಿವೃತ್ತರಿಗೆಂದೇ ಕಟ್ಟಿದ ಒಂದು ಬಡಾವಣೆ ಇತ್ತು. ವಾಲ್ಟ್ ಜೊತೆ ಕಾರ್ಖಾನೆಯಲ್ಲಿ ದುಡಿದ ಗೆಳೆಯನೊಬ್ಬ ಅಲ್ಲಿ ಸೇರಿಕೊಂಡು, ಜನವರಿಯಲ್ಲಿ ಚಡ್ಡಿ ಹಾಕಿಕೊಂಡು ಕಿತ್ತಲೆ ಕೀಳುವ ಫೋಟೊ ಕಳಿಸುತ್ತಿದ್ದ. ಹೋಗಿ ನೋಡುವುದು, ಹಿಡಿಸಿದರೆ ಒಂದು ಮನೆ ಗೊತ್ತು ಮಾಡುವುದು, ಈರಿಯ ಮನೆ ಮಾರಿ ಬಂದುಬಿಡುವುದು. ಇದು ವಾಲ್ಟ್‌ನ ಲೆಕ್ಕ. ಬರ್ನಡೀನ್ ಇದಕ್ಕೆ ಹೂಂ ಎಂದಿರಲಿಲ್ಲ, ಉಹೂಂ ಎಂದೂ ಅಂದಿರಲಿಲ್ಲ. ಮದುವೆಯಾದಾಗಿನಿಂದ ಅವಳ ಮೌನವನ್ನು ಹೂಂ ಎಂದೇ ತಿಳಿದುಕೊಂಡು ಬಂದವನು ಅವನು. ಎಷ್ಟೋ ಸಲ ಅದು ಸರಿಯೂ ಆಗಿತ್ತು. ಪರದೆಯ ಬಣ್ಣಕ್ಕೆ, ಸೋಫಾ ಎಲ್ಲಿಡಬೇಕೆನ್ನುವುದಕ್ಕೆ ಜಗಳವಾಡುವ ಶಕ್ತಿ ದಿನವಿಡೀ ಶಾಲೆಯ ಅಡುಗೆಮನೆಯಲ್ಲಿ ನಿಂತು ಬಂದವಳಿಗೆ ಉಳಿದಿರುತ್ತಿರಲಿಲ್ಲ.

ಈಗ ಆ ಕೆಲಸದಿಂದ ನಿವೃತ್ತಳಾಗಿದ್ದಳು. ಮಂಗಳವಾರ ಚರ್ಚಿನ ನೆಲಮಾಳಿಗೆಯಲ್ಲಿ ಪೋಲಿಷ್ ಮನೆತನಗಳ ಹೆಂಗಸರೆಲ್ಲ ಸೇರಿ ಪಿರೋಗಿ ಮಾಡುತ್ತಿದ್ದರು. ಆಲೂಗಡ್ಡೆಯ ಹೂರಣ ತುಂಬಿದ ಕಡುಬು ಅದು. ಒಬ್ಬಳು ಲಟ್ಟಿಸಬೇಕು, ಒಬ್ಬಳು ತುಂಬಬೇಕು, ಅಂಚು ಒತ್ತುವ ಕೆಲಸ ಬರ್ನಡೀನ್‌ಳದು. ಅವಳು ಒತ್ತಿದ ಕಡುಬು ಕುದಿಯುವ ನೀರಿನಲ್ಲಿ ಬಾಯಿ ಬಿಟ್ಟದ್ದಿಲ್ಲ. ಕೈ ಹಿಟ್ಟಿನಲ್ಲಿದ್ದಾಗ ಬಾಯಿಗೆ ಬಿಡುವು. ಯಾರ ಸೊಸೆ ಏನೆಂದಳು, ಯಾರ ಎದೆಯಲ್ಲಿ ಗಂಟು ಸಿಕ್ಕಿತು, ಎಲ್ಲವೂ ಅಲ್ಲಿ ಹೊರಬರುತ್ತಿದ್ದವು. ವಾಲ್ಟ್ ಅದನ್ನು "ನಿಮ್ಮ ಕಡುಬಿನ ಕ್ಲಬ್ಬು" ಎನ್ನುತ್ತಿದ್ದ. ಅದು ತನಗೇನು ಎಂದು ಬರ್ನಡೀನ್‌ಗೂ ಬಾಯಿಬಿಟ್ಟು ಹೇಳಲು ಬರುತ್ತಿರಲಿಲ್ಲ. ಆದರೆ ಅದಿಲ್ಲದ ಮಂಗಳವಾರವನ್ನು ಊಹಿಸಿಕೊಳ್ಳಲು ಹೋದರೆ ಕಣ್ಣೆದುರು ಆ ಕಿತ್ತಲೆ ಮರವೊಂದೇ ಬಂದು ನಿಲ್ಲುತ್ತಿತ್ತು.

ಮೊದಲ ಕ್ಯಾಸಿನೊ ಅಯೋವಾದಲ್ಲಿ, ನದಿಯ ದಡಕ್ಕೆ ಕಟ್ಟಿಹಾಕಿದ ಹಡಗಿನೊಳಗೆ. ವಾಲ್ಟ್ ಆಡುವುದು ಒಂದೇ ಆಟ, ಇಸ್ಪೀಟಿನ ಇಪ್ಪತ್ತೊಂದು. ಬರ್ನಡೀನ್ ಎಂದಿನಂತೆ ಅವನ ಕುರ್ಚಿಯ ಹಿಂದೆ ಶರಬತ್ತಿನ ಲೋಟ ಹಿಡಿದು ನಿಂತಿದ್ದಳು. ಪಕ್ಕದವನು ಎಲ್ಲಿಗೆ ಪ್ರಯಾಣ ಎಂದು ಕೇಳಿದ.

"ಆರಿಜೋನಾ. ಅಲ್ಲೇ ಇರೋಕೆ ಹೋಗ್ತಿದ್ದೀವಿ. ನನ್ನ ಹೆಂಡತಿಗೆ ಮಂಡಿನೋವು ನೋಡಿ, ಹಿಮ ಆಗಿಬರಲ್ಲ."

ಬರ್ನಡೀನ್ ತನ್ನ ಮಂಡಿಗಳನ್ನು ಬಗ್ಗಿ ನೋಡಿಕೊಂಡಳು. ಅವು ತಮ್ಮ ಪಾಡಿಗೆ ನೆಟ್ಟಗಿದ್ದವು. ಮೆಟ್ಟಿಲಿಳಿಯುವಾಗ ಕಟಕಟ ಎನ್ನುತ್ತಿದ್ದದ್ದು ವಾಲ್ಟ್‌ನ ಮಂಡಿ. ಬಾಯಿ ತಪ್ಪಿ ಅಂದಿರಬೇಕು ಎಂದುಕೊಂಡಳು.

ಓಕ್ಲಹೋಮಾದಲ್ಲಿ ಪೆಟ್ರೋಲ್ ಬಂಕಿಗೇ ಅಂಟಿಕೊಂಡ ಸಣ್ಣ ಕ್ಯಾಸಿನೊ. ಮೂಗಿಗೆ ಆಮ್ಲಜನಕದ ನಳಿಗೆ ಸಿಕ್ಕಿಸಿಕೊಂಡ ಮುದುಕಿಯೊಬ್ಬಳು ಗುಂಡಿ ಒತ್ತುವ ಜೂಜಿನ ಯಂತ್ರದ ಮುಂದೆ ಕೂತು, ಮೊಮ್ಮಗುವಿನ ಕೆನ್ನೆ ತಟ್ಟುವ ಹಾಗೆ ಅದನ್ನು ತಟ್ಟುತ್ತಿದ್ದಳು. ಬರ್ನಡೀನ್ ಅವಳ ಜೊತೆ ಎರಡು ಮಾತಾಡಿ ಬರುವಷ್ಟರಲ್ಲಿ ಅಲ್ಲಿಯ ಮೇಜಿಗೂ ಸುದ್ದಿ ಮುಟ್ಟಿತ್ತು. "ಯಾವಾಗ ಹೋಗ್ತೀವೋ ಅಂತ ದಿನ ಎಣಿಸ್ತಿದ್ದಾಳೆ ಪಾಪ" ಎನ್ನುತ್ತಿದ್ದ ವಾಲ್ಟ್.

ಕಾರಿನಲ್ಲಿ ಕೇಳಿದಳು. "ನಾನ್ಯಾವಾಗ ದಿನ ಎಣಿಸ್ದೆ?"

"ಮೇಜಿನ ಮುಂದೆ ಮಾತಿಗೆ ಏನಾದ್ರೂ ಬೇಕಲ್ಲ ಮಾರಾಯ್ತಿ. ಬಾಯಿ ಮುಚ್ಕೊಂಡು ಕೂತ್ರೆ, ಇಸ್ಪೀಟ್ ಎಲೆ ಎಣಿಸೋ ಕಳ್ಳ ಅಂತ ಎಬ್ಬಿಸಿ ಕಳಿಸ್ತಾರೆ."

ಅವಳಿಗೆ ನಗು ಬಂತು. ನಕ್ಕಿದ್ದರಿಂದ ಕೇಳಬೇಕಾದದ್ದು ಕೇಳದೆಯೇ ಉಳಿಯಿತು. ಅವನ ಜೊತೆ ಸಂಸಾರ ಮಾಡುವುದು ಸುಲಭವಾಗಿದ್ದೂ ಕಷ್ಟವಾಗಿದ್ದೂ ಈ ನಗುವಿನಿಂದಲೇ.

ಮುಂದೆ ಅವರು ದಾಟಿದ ಟೆಕ್ಸಸ್‌ನ ತುಂಡಿನಲ್ಲಿ ಕ್ಯಾಸಿನೊ ಸಿಗಲಿಲ್ಲ. ವಾಲ್ಟ್ ಮುಖ ಊದಿಸಿಕೊಂಡು ಕಾರು ಓಡಿಸಿದ. ನ್ಯೂ ಮೆಕ್ಸಿಕೊದಲ್ಲಿ, ಹೆದ್ದಾರಿಯ ಪಕ್ಕದ ಬುಡಕಟ್ಟಿನವರ ಜಮೀನಿನಲ್ಲಿ, ಕೆಂಪು ಗುಡ್ಡಕ್ಕೆ ಬೆನ್ನು ಕೊಟ್ಟು ನಿಂತ ದೊಡ್ಡ ಕ್ಯಾಸಿನೊ ಕಂಡಾಗಲೇ ಅವನ ಮುಖ ಅರಳಿದ್ದು. ಮರುದಿನ ಮಧ್ಯಾಹ್ನ ಬಡಾವಣೆಯ ಮ್ಯಾನೇಜರನ್ನು ಕಾಣಬೇಕಿತ್ತು. "ಇದೇ ಕೊನೇದು, ಆಮೇಲೆ ನೆಟ್ಟಗೆ ಹೋಗೋದು" ಎಂದ.

ಅರ್ಧಚಂದ್ರದ ಮೇಜಿನ ಸುತ್ತ ನಾಲ್ಕೇ ಕುರ್ಚಿ. ಒಂದರಲ್ಲಿ ಅಗಲ ಟೋಪಿಯ ಒಬ್ಬ, ಅವನ ಪಕ್ಕದಲ್ಲಿ ಬೆರಳಿಗೊಂದು ಉಂಗುರ ತೊಟ್ಟ ಹೆಂಗಸು. ಉಳಿದ ಎರಡರಲ್ಲಿ ವಾಲ್ಟ್ ಒಂದನ್ನು ಹಿಡಿದ. ತುದಿಯದು ಖಾಲಿ.

"ಬರ್ನಿ, ನೀನು ಕೂತ್ಕೊ ಅಲ್ಲಿ."

"ನಾನಾ?"

"ಯಾವನೋ ಮಂಕ ಬಂದು ಕೂತು ಎಲ್ಲಾರ ಆಟ ಕೆಡಿಸೋಕಿಂತ ನೀನು ವಾಸಿ. ನಾನು ಹೇಳಿದ ಹಾಗೆ ಮಾಡು, ಅಷ್ಟು ಸಾಕು."

ಈ ಆಟದವರಿಗೆ ಕೊನೆಯ ಕುರ್ಚಿಯ ಮೇಲೆ ವಿಪರೀತ ನಂಬಿಕೆ. ಎಲ್ಲರೂ ಆಡುವುದು ಎಲೆ ಹಂಚುವವಳ ವಿರುದ್ಧ. ಕೈಯಲ್ಲಿರುವ ಎಲೆಗಳ ಮೊತ್ತ ಇಪ್ಪತ್ತೊಂದರ ಹತ್ತಿರ ಹೋಗಬೇಕು, ದಾಟಿದರೆ ಸೋಲು. ಕೊನೆಯ ಕುರ್ಚಿಯ ನಂತರ ಹಂಚುವವಳ ಸರದಿ. ಹಾಗಾಗಿ ಕೊನೆಯವರು ಎಲೆ ತಗೊಂಡರೂ ಅವಳ ಹಣೆಬರಹ ಬದಲಾಗುತ್ತದೆ, ಬಿಟ್ಟರೂ ಬದಲಾಗುತ್ತದೆ. ಗೆದ್ದರೆ ತಮ್ಮ ಜಾಣತನ, ಸೋತರೆ ಕೊನೆಯ ಕುರ್ಚಿ.

ಎಲೆ ಹಂಚುವವಳು ಅಲ್ಲಿಯವಳೇ, ಬರ್ನಡೀನ್‌ಳಷ್ಟೇ ವಯಸ್ಸು. ಎದೆಯ ಮೇಲಿನ ಬಿಲ್ಲೆಯಲ್ಲಿ ಡೊಲೊರಿಟಾ ಎಂದು ಬರೆದಿತ್ತು. "ಹೊಸಬರಾ ಮೇಡಂ? ಎಲೆ ಬೇಕಾದ್ರೆ ಬೆರಳಿಂದ ಮೇಜು ತಟ್ಟಿ. ಸಾಕು ಅಂದ್ರೆ ಅಂಗೈ ಹೀಗೆ ಆಡಿಸಿ. ಬಾಯಲ್ಲಿ ಹೇಳಿದ್ದು ಲೆಕ್ಕಕ್ಕಿಲ್ಲ. ಮೇಲಿರೋ ಕ್ಯಾಮೆರಾಗೆ ಕಿವಿ ಇಲ್ಲ."

ಬಹಳ ಹೊತ್ತು ಎಲ್ಲ ಸುಸೂತ್ರವಾಗಿತ್ತು. ವಾಲ್ಟ್ "ತಟ್ಟು" ಎಂದರೆ ತಟ್ಟಿದಳು, "ಸಾಕು" ಎಂದರೆ ಅಂಗೈ ಆಡಿಸಿದಳು. ಮೇಜು ಗೆಲ್ಲುತ್ತಿತ್ತು. ಉಂಗುರದ ಹೆಂಗಸು "ನಿಮ್ಮ ಯಜಮಾನ್ತಿ ಕಾಲ್ಗುಣ ಚೆನ್ನಾಗಿದೆ" ಎಂದಳು. ಅದೇ ಹುರುಪಿನಲ್ಲಿ ವಾಲ್ಟ್ ಟೋಪಿಯವನಿಗೆ ಆರಿಜೋನಾದ ಕಥೆ ತೆಗೆದ.

"ಮನೆ ಮಾರಿದ ಹಾಗೇ ಅನ್ಕೊಳ್ಳಿ. ನಾನಾದ್ರೆ ಇನ್ನೊಂದು ವರ್ಷ ನೋಡೋಣ ಅಂತಿದ್ದೆ. ಇವಳದ್ದೇ ಅವಸರ."

ಬರ್ನಡೀನ್ ಗಂಡನ ಕಡೆ ತಿರುಗಿದಳು. ಅವನ ಮುಖದಲ್ಲಿ ಸುಳ್ಳು ಹೇಳುವವನ ಚಿಹ್ನೆ ಯಾವುದೂ ಇರಲಿಲ್ಲ. ಹೇಳಿ ಹೇಳಿ ಅವನಿಗೇ ಅದು ನಿಜವಾಗಿಬಿಟ್ಟಿತ್ತು. ಮಂಡಿನೋವಿನ, ದಿನ ಎಣಿಸುವ, ಅವಸರದ ಒಬ್ಬ ಹೆಂಗಸನ್ನು ಅವನು ದಾರಿಯುದ್ದಕ್ಕೂ ಮೇಜಿನಿಂದ ಮೇಜಿಗೆ ಕಟ್ಟುತ್ತಾ ಬಂದಿದ್ದ. ನಾಳೆ ಮಧ್ಯಾಹ್ನ ಮ್ಯಾನೇಜರನ ಮುಂದೆ ಹೋಗಿ ಕೂರುವವಳು ಆ ಹೆಂಗಸೇ. ತನಗೆ ಕುರ್ಚಿಯೇ ಇರುವುದಿಲ್ಲ.

ಎಲೆಗಳು ಬಂದಿದ್ದವು. ವಾಲ್ಟ್ ಈ ಸಲ ಎಂದಿಗಿಂತ ದೊಡ್ಡ ಪಣ ಕಟ್ಟಿದ್ದ. ಡೊಲೊರಿಟಾಳ ಮುಂದೆ ಮೂರು ಕಾಣುತ್ತಿತ್ತು, ಇನ್ನೊಂದು ಎಲೆ ಬೋರಲು. ಬರ್ನಡೀನ್‌ಳದು ಏಳು ಮತ್ತು ಐದು, ಹನ್ನೆರಡು.

"ಅವಳಿಗೆ ಸಾಕು" ಎಂದ ವಾಲ್ಟ್.

ಡೊಲೊರಿಟಾಳ ಕೈ ಅಲ್ಲಾಡಲಿಲ್ಲ. "ಅವರ ಕೈಯೇ ಹೇಳ್ಬೇಕು ಸರ್."

"ನನ್ನ ಹೆಂಡತಿ ಕಣಮ್ಮಾ ಅವಳು."

"ಇರ್ಬೋದು ಸರ್. ಆಟ ಅವರದ್ದು."

ಟೋಪಿಯವನು ನಕ್ಕ. ವಾಲ್ಟ್ ಕೂಡ ನಕ್ಕ. "ಆಯ್ತು, ಬರ್ನಿ, ಕೈ ಆಡಿಸು."

ಬರ್ನಡೀನ್ ಹನ್ನೆರಡನ್ನು ನೋಡಿದಳು. ಅದು ಒಳ್ಳೆಯದೋ ಕೆಟ್ಟದ್ದೋ ಅವಳಿಗೆ ತಿಳಿಯದು. ಸಾಲದು ಅನ್ನಿಸಿತು, ಅಷ್ಟೇ. ಬೆರಳು ಮೇಜನ್ನು ತಟ್ಟಿತು.

ಬಂದದ್ದು ರಾಣಿ, ಅಂದರೆ ಹತ್ತು. ಇಪ್ಪತ್ತೆರಡಾಗಿ ಅವಳ ಆಟ ಮುಗಿಯಿತು. ಡೊಲೊರಿಟಾ ತನ್ನ ಬೋರಲು ಎಲೆ ತಿರುಗಿಸಿದಳು. ಗುಲಾಮ, ಅದೂ ಹತ್ತೇ, ಅವಳದು ಹದಿಮೂರು. ಮುಂದಿನ ಎಲೆ ಎಂಟು. ಇಪ್ಪತ್ತೊಂದು! ಮೇಜಿನ ಮೇಲಿದ್ದ ಎಲ್ಲರ ಪಣವೂ ಅವಳ ಕಡೆ ಸರಿದುಹೋಯಿತು. ಬರ್ನಡೀನ್ ಸುಮ್ಮನಿದ್ದಿದ್ದರೆ ಆ ರಾಣಿ ಡೊಲೊರಿಟಾಳಿಗೆ ಬಿದ್ದು, ಇಪ್ಪತ್ತಮೂರಾಗಿ, ಇಡೀ ಮೇಜು ಗೆಲ್ಲುತ್ತಿತ್ತು ಎನ್ನುವುದು ಎಲ್ಲರಿಗೂ ಒಟ್ಟಿಗೇ ಹೊಳೆಯಿತು.

"ಏನಮ್ಮಾ ತಾಯಿ!" ಟೋಪಿಯವನು ಕೈ ಚೆಲ್ಲಿದ. "ಅವಳಿಗೆ ಹೋಗೋ ಎಲೆ ನಿಂಗ್ಯಾಕೆ ಬೇಕಿತ್ತು?"

"ಕಾಲ್ಗುಣ ಅಂದಿದ್ದೇ ತಪ್ಪಾಯ್ತು" ಎಂದಳು ಉಂಗುರದವಳು.

ವಾಲ್ಟ್‌ನ ಕಿವಿಗಳು ಕೆಂಪಾಗಿದ್ದವು. ಎರಡೂ ಕೈಯೆತ್ತಿ ಅವರನ್ನು ಸಮಾಧಾನ ಮಾಡಿದ. "ತಪ್ಪು ತಿಳ್ಕೋಬೇಡಿ. ಅವಳಿಗೆ ಆಟ ಗೊತ್ತಿಲ್ಲ. ಇನ್ನು ಅವಳು ಆಡಲ್ಲ." ಆಮೇಲೆ ಇವಳಿಗೆ ತಗ್ಗಿದ ದನಿಯಲ್ಲಿ, "ಹೋಗು, ಹೋಗಿ ಕಾಫಿ ಕುಡೀತಿರು."

ಅಪರಿಚಿತರ ಬೈಗುಳ ಅವಳಿಗೆ ತಾಗಿರಲಿಲ್ಲ. ಮಕ್ಕಳು ಊಟದ ತಟ್ಟೆ ತಳ್ಳಿ ಮುಖ ಸಿಂಡರಿಸುವುದನ್ನು ಎಷ್ಟೋ ವರ್ಷ ನೋಡಿದ ಹೆಂಗಸು ಅವಳು. ತಾಗಿದ್ದು ಆ ಕೊನೆಯ ಮಾತು. ಅವಳು ಆಡಲ್ಲ. ಮಂಡಿನೋವು ಹುಟ್ಟಿದ ಬಾಯಿಂದಲೇ, ಅಷ್ಟೇ ಸಲೀಸಾಗಿ ಅದೂ ಹುಟ್ಟಿತ್ತು.

"ನಾನು ಆಡ್ತೀನಿ" ಎಂದು ಬರ್ನಡೀನ್ ಇನ್ನೊಂದು ಪಣದ ಬಿಲ್ಲೆಯನ್ನು ಮುಂದಿಟ್ಟಳು.

ಟೋಪಿಯವನು ತನ್ನ ಬಿಲ್ಲೆಗಳನ್ನು ಬಾಚಿಕೊಂಡು ಎದ್ದ. ಉಂಗುರದವಳು ಅವನ ಹಿಂದೆ ಹೋದಳು. ವಾಲ್ಟ್ ಒಂದು ಕ್ಷಣ ಕೂತಿದ್ದ. ಹೆಂಡತಿ ಏಳುತ್ತಾಳೆ ಎಂದು ಕಾದ. ಏಳಲಿಲ್ಲ. ಕುರ್ಚಿಯನ್ನು ಬೇಕಾದ್ದಕ್ಕಿಂತ ಜೋರಾಗಿ ಹಿಂದೆ ತಳ್ಳಿ ಅವನೂ ಹೊರಟ.

ಮೇಜಿನಲ್ಲಿ ಇಬ್ಬರೇ ಹೆಂಗಸರು ಉಳಿದರು. ಡೊಲೊರಿಟಾ ಎಲೆ ಹಾಕಿದಳು.

"ನಾನು ತಪ್ಪು ಮಾಡಿದ್ನಾ?" ಬರ್ನಡೀನ್ ಕೇಳಿದಳು.

"ಕೆಳಗಿರೋ ಎಲೆ ನಂಗೂ ಗೊತ್ತಿರಲ್ಲ ಮೇಡಂ. ನೀವು ತಗೊಂಡಿದ್ರಿಂದ ಇವರೆಲ್ಲ ಬಚಾವಾಗೋ ದಿನಾನೂ ಇರುತ್ತೆ. ಆವತ್ತು ಕೊನೇ ಕುರ್ಚಿ ಕಡೆ ಒಬ್ರೂ ತಿರುಗಿ ನೋಡಲ್ಲ."

ಬರ್ನಡೀನ್ ಗಟ್ಟಿಯಾಗಿ ನಕ್ಕಳು. ಆಮೇಲೆ ಸ್ವಲ್ಪ ಹೊತ್ತು ಆಡಿದಳು. ತಟ್ಟಿದಳು, ಬಿಟ್ಟಳು, ಒಂದಿಷ್ಟು ಗೆದ್ದು ಅದಕ್ಕಿಂತ ಕೊಂಚ ಹೆಚ್ಚು ಸೋತಳು. ಆಟದಲ್ಲಿ ಅಂಥ ಸ್ವಾರಸ್ಯವೇನೂ ಅವಳಿಗೆ ಕಾಣಲಿಲ್ಲ. ಆದರೆ ಪ್ರತಿ ಸಲ ಡೊಲೊರಿಟಾ ಕೈ ತಡೆದು ತನ್ನತ್ತ ನೋಡಿ ಕಾಯುತ್ತಿದ್ದದ್ದು, ಅದು ಮಾತ್ರ ಹೊಸದು. ಏಳುವಾಗ ಆಟದವರ ರೂಢಿಯಂತೆ ಅವಳಿಗೊಂದು ಬಿಲ್ಲೆ ಭಕ್ಷೀಸು ಕೊಟ್ಟಳು.

ವಾಲ್ಟ್ ಕ್ಯಾಂಟೀನಿನಲ್ಲಿ ಹಸಿಮೆಣಸಿನಕಾಯಿಯ ಹಂದಿಸಾರಿನ ಬಟ್ಟಲಿನ ಮುಂದೆ ಕೂತಿದ್ದ. ಚಮಚ ಆಡಿಸುತ್ತಿದ್ದ, ತಿನ್ನುತ್ತಿರಲಿಲ್ಲ.

"ನಾಲ್ಕು ಜನರ ಮುಂದೆ ನನ್ನ ಮರ್ಯಾದೆ ಕಳೆದೆ."

"ಒಂದು ಎಲೆ ತಗೊಂಡೆ ವಾಲ್ಟ್."

"ಬೇಡ ಅಂತ ಹೇಳಿದ್ದೆ."

"ಹೌದು, ಹೇಳಿದ್ದೆ." ಅವಳು ಎದುರಿಗೆ ಕೂತಳು. ಮೇಜಿನ ಮೇಲೆ ಬೆರಳು ತಟ್ಟಿದಷ್ಟು ಸುಲಭವಾಗಿರಲಿಲ್ಲ ಇದು. "ನನ್ನ ಮಂಡಿ ಚೆನ್ನಾಗಿದೆ. ನಂಗೆ ಯಾವ ಅವಸರಾನೂ ಇಲ್ಲ. ಈರಿ ಮನೆ ಮಾರೋದಕ್ಕೆ ನನ್ನ ಒಪ್ಪಿಗೆ ಇಲ್ಲ."

ಚಮಚ ನಿಂತಿತು. "ಇಷ್ಟು ದೂರ ಬಂದ್ಮೇಲಾ? ಅಯೋವಾದಲ್ಲೇ ಬೊಗಳ್ಬೋದಿತ್ತಲ್ಲ!"

"ಬೊಗಳ್ಬೋದಿತ್ತು. ತಪ್ಪು ನಂದೂ ಇದೆ."

"ಯಾತಕ್ಕೋಸ್ಕರ? ಆ ಕಡುಬಿಗಾ?"

"ಕಡುಬಿಗೇ ಅಂತ ಇಟ್ಕೋ."

ಅವನು ಕಿಟಕಿಯಾಚೆ, ಲಾರಿಗಳು ನಿಂತ ಬಯಲನ್ನು ನೋಡುತ್ತಾ ಕೂತ. ಮತ್ತೆ ಮಾತಾಡಿದಾಗ ಅದು ಮೇಜಿನ ಮುಂದಿನ ದನಿಯಾಗಿರಲಿಲ್ಲ. "ಹೋದ ಚಳಿಗಾಲ ಗ್ಯಾರೇಜ್ ಮುಂದೆ ಹಿಮ ಎತ್ತೋವಾಗ ಬಿದ್ಬಿಟ್ಟೆ. ಮಂಗಳವಾರ. ನೀನಿರ್ಲಿಲ್ಲ. ಎಷ್ಟು ಹೊತ್ತಾದ್ರೂ ಏಳೋಕಾಗ್ಲಿಲ್ಲ ಬರ್ನಿ. ಆಕಾಶ ನೋಡ್ಕೊಂಡು ಬಿದ್ದಿದ್ದೆ."

ಅವಳಿಗೆ ಕರುಣೆ ಉಕ್ಕಿತು, ಅದರ ಬೆನ್ನಿಗೇ ಸಿಟ್ಟೂ ಬಂತು. ಎಂದಿನಂತಾಗಿದ್ದರೆ ಕರುಣೆ ಗೆದ್ದು, ಅವಳು ಸುಮ್ಮನಾಗಿ, ಆ ಮೌನ ಮತ್ತೊಮ್ಮೆ ಹೂಂ ಆಗಿಬಿಡುತ್ತಿತ್ತು.

"ನಂಗೆ ಹೇಳೋದು ಬಿಟ್ಟು ಅಯೋವಾದ ದಾರಿಹೋಕನಿಗೆ ಹೇಳಿದ್ಯಲ್ಲೋ. ಅದೂ ನನ್ನ ಮಂಡಿ ಅಂತ."

"ಹೆಂಡತಿಗೆ ಅಂದ್ರೆ ಜನ ಅಯ್ಯೋ ಅಂತಾರೆ. ನಂಗೇ ಅಂದ್ರೆ ಮುದುಕ ಅಂತಾರೆ."

"ಮುದುಕನೇ ಅಲ್ವಾ?"

ಅವನ ತುಟಿ ಅಲುಗಿತು, ನಗಲಿಲ್ಲ. "ಹಾಗಾದ್ರೆ ಏನ್ಮಾಡೋದೀಗ?"

ಅಷ್ಟು ಮುಂದಕ್ಕೆ ಅವಳೂ ಯೋಚಿಸಿರಲಿಲ್ಲ. ಅವನ ಬಟ್ಟಲನ್ನು ತನ್ನ ಕಡೆ ಎಳೆದುಕೊಂಡು ಒಂದು ಚಮಚ ಸಾರು ಕುಡಿದಳು. ಖಾರಕ್ಕೆ ಕಣ್ಣಲ್ಲಿ ನೀರು ಬಂತು. "ನಾಳೆ ಹೋಗೋಣ. ಚಳಿಗಾಲಕ್ಕೆ ಮಾತ್ರ ಬಾಡಿಗೆಗೆ ಕೊಡ್ತಾರಾ ಅಂತ ನಾನು ಕೇಳ್ತೀನಿ. ಕ್ರಿಸ್ಮಸ್ ಕಳೆದ್ಮೇಲೆ ಬರೋದು, ಈಸ್ಟರ್ ಉಪವಾಸ ಶುರುವಾಗೋಕೆ ಮುಂಚೆ ನಾನು ಚರ್ಚಿನ ಕಡುಬಿಗೆ ವಾಪಸ್ ಇರ್ಬೇಕು."

"ಅದೆಷ್ಟಾಯ್ತು, ಎರಡು ತಿಂಗಳೂ ಆಗಲ್ಲ. ಮಾರ್ಚ್‌ನಲ್ಲೂ ಹಿಮ ಬೀಳುತ್ತೆ ಅಲ್ಲಿ."

"ಬೀಳ್ಲಿ. ಹಿಮ ಎತ್ತೋಕೆ ಆಳು ಇಡೋಣ."

"ಮೂರು ತಿಂಗಳು ಮಾಡು."

"ನೀನು ಮೂರಿರು. ನಾನು ಎರಡು."

"ಒಬ್ಬನೇ ಏನ್ಮಾಡ್ಲಿ ಅಲ್ಲಿ?"

"ಅದನ್ನ ನೀನು ಯೋಚ್ನೆ ಮಾಡು" ಎಂದು ಬರ್ನಡೀನ್ ಸಾರಿಗೆ ಅದ್ದಲು ಇನ್ನೊಂದು ರೊಟ್ಟಿ ತರಲು ಎದ್ದಳು. ವಾಲ್ಟ್ ಅವಳ ಬೆನ್ನಿಗೆ "ಎರಡೂವರೆ!" ಎಂದು ಕೂಗಿದ. ಪಕ್ಕದ ಮೇಜಿನವರು ತಿರುಗಿ ನೋಡಿದರು. ಅವಳು ಕೇಳಿಸಿಕೊಂಡರೂ ಉತ್ತರ ಕೊಡದೆ ಸಾಲಿನಲ್ಲಿ ನಿಂತಳು. ಈ ಸಲದ ಅವಳ ಮೌನವನ್ನು ಹೇಗೆ ತಿಳಿದುಕೊಳ್ಳಬೇಕೆಂದು ಅವನಿಗೆ ಗೊತ್ತಾಗಲಿಲ್ಲ. ಅವಳು ತಿರುಗಿ ಬರುವವರೆಗೂ ಕಾಯುತ್ತಾ ಕೂತ.